ಮೊದಲು ಗಿರಾಕಿ, ಆಮೇಲೆ ಯಂತ್ರ

(ಸಂಘದ ಸದಸ್ಯರ ಸಭೆಯಲ್ಲಿ ಕಾರ್ಖಾನೆ ಸಮಿತಿಯ ಪರವಾಗಿ ಮಾಡಿದ ಭಾಷಣ)



ಪಾರ್ಸೆಲು ಕಟ್ಟುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ನಮ್ಮಲ್ಲಿ ಅನೇಕರು ಮುಂಬಯಿಗೆ ಬಂದು ಹೋಟೆಲು ಸೇರಿದ ದಿನವೇ ಆ ಕೆಲಸಕ್ಕೆ ಕೈ ಹಚ್ಚಿದವರು. ಬಾಳೆಲೆಯ ಮೇಲೆ ಹಳೆಯ ಪತ್ರಿಕೆ ಸುತ್ತಿ ದಾರ ಬಿಗಿದ ಕಾಲವನ್ನೂ ಕಂಡೆವು, ಪ್ಲಾಸ್ಟಿಕ್ ಚೀಲದ ಕಾಲವನ್ನೂ ಕಂಡೆವು. ಆಹಾರ ಸುತ್ತಲು ಪತ್ರಿಕೆಯ ಕಾಗದ ಕೂಡದೆಂದು 2018ರ ನಿಯಮಗಳು ಹೇಳಿದವು. ಅದೇ ವರ್ಷ ಮಾರ್ಚಿಯಲ್ಲಿ ಮಹಾರಾಷ್ಟ್ರ ಸರಕಾರವು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯಿಸಿದ ನಿಷೇಧದಲ್ಲಿ ಮಿಠಾಯಿ ಡಬ್ಬಿಗೆ ಸುತ್ತುವ ತೆಳು ಹಾಳೆಯೂ ಸೇರಿತು.

ಹೀಗಿರುವಾಗ, ರಟ್ಟಿನ ಪೆಟ್ಟಿಗೆ ತಯಾರಿಸುವ ಸಣ್ಣ ಕಾರ್ಖಾನೆಯೊಂದನ್ನು ನಾವೇ ಏಕೆ ತೆರೆಯಬಾರದು ಎಂಬ ಮಾತು ನಮ್ಮಲ್ಲಿ ಹುಟ್ಟಿದ್ದು ಸಹಜ. ಆ ಉತ್ಸಾಹವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕೆಲವು ಹಿರಿಯರು ತಮ್ಮ ಪ್ರಾವಿಡೆಂಟ್ ಫಂಡಿನ ಹಣವನ್ನೆಲ್ಲ ತಂದು ಕೊಡಲು ಸಿದ್ಧರಾಗಿದ್ದಾರೆಂದು ಕೇಳಿ ನಮಗೆ ಸಂತೋಷಕ್ಕಿಂತ ಹೆಚ್ಚಾಗಿ ಭಯವಾಯಿತು. ಆ ಹಣ ಮೂವತ್ತು ವರ್ಷ ಭಟ್ಟಿಯ ಮುಂದೆ ಬೆಂದು ಕೂಡಿಸಿದ್ದು. ಊರಿನ ಮನೆಗೆ ಹೆಂಚು ಹೊದೆಸುವ, ಮಗಳ ಮದುವೆ ಮಾಡುವ ಹಣ ಅದು. ಅದಕ್ಕಾಗಿಯೇ ಇಂದು ಲೆಕ್ಕದ ಮಾತನ್ನು ಆಡುತ್ತೇವೆ.

ಕಾರ್ಮಿಕರು ತಾವೇ ಉದ್ಯಮ ನಡೆಸಿದ್ದು ಹೊಸದೇನಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಎ. ಕೆ. ಗೋಪಾಲನ್ ಅವರ ನೇತೃತ್ವದಲ್ಲಿ ಅಲ್ಲಿನ ಕೆಲಸಗಾರರು ಸಹಕಾರ ಸಂಘಗಳನ್ನು ಕಟ್ಟಿದರು. ಬೆಂಗಳೂರಿನ ಸಂಘ 1957ರಲ್ಲೇ ಹುಟ್ಟಿತು. ನಮ್ಮ ಮುಂಬಯಿಯ ಕುರ್ಲಾದಲ್ಲಿ, ಮುಚ್ಚಿಹೋಗಿದ್ದ ಕಮಾನಿ ಟ್ಯೂಬ್ಸ್ ಕಾರ್ಖಾನೆ 1988ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಕಾರ್ಮಿಕರ ಕೈಗೆ ಬಂತು. ಕೆಲವು ವರ್ಷ ಅವರೇ ನಡೆಸಿದರು. ಕೊನೆಗೆ ಅದೂ ನಿಂತಿತು. ಕಾರ್ಮಿಕರು ಉದ್ಯಮ ನಡೆಸಬಲ್ಲರು. ಆದರೆ ಕಾರ್ಮಿಕರದೆಂಬ ಕಾರಣಕ್ಕೆ ಪೇಟೆ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಇನ್ನು ಕೆಲಸದ ವಿಚಾರ. ರಟ್ಟಿನ ಪೆಟ್ಟಿಗೆಯೆಂದರೆ ಎರಡು ಚಪ್ಪಟೆ ಕಾಗದಗಳ ನಡುವೆ ಅಲೆಅಲೆಯಾದ ಒಂದು ಕಾಗದ. ಅದು ಮೂರು ಪದರದ್ದು. ಭಾರದ ಮಾಲಿಗೆ ಐದು ಪದರ, ಏಳು ಪದರ. ಅಂಟು ಮಾಡುವುದು ಮೆಕ್ಕೆಜೋಳದ ಹಿಟ್ಟಿನಿಂದ. ಅಲೆ ಹಾಕುವುದು, ಅಂಟಿಸುವುದು, ಕತ್ತರಿಸಿ ಮಡಿಕೆಯ ಗೆರೆ ಒತ್ತುವುದು, ತಂತಿಯಿಂದ ಹೊಲಿಯುವುದು: ಇಷ್ಟೇ ಕೆಲಸ. ಗಿರಣಿಯ ಸಾಂಚೆಯ ಮುಂದೆ ನಿಂತವರಿಗೆ ಇದು ಕಷ್ಟವಲ್ಲ. ಕಾಗದ ವಾಪಿಯ ಕಡೆಯಿಂದ ತರಬಹುದು. ಆದರೆ ಮಳೆಗಾಲವನ್ನು ಮರೆಯಬಾರದು. ಕಾಗದ ಗಾಳಿಯ ತೇವವನ್ನು ಹೀರಿದರೆ ಪೆಟ್ಟಿಗೆಯ ಬಲ ಕುಗ್ಗುತ್ತದೆ, ಮೇಲೆ ಪೇರಿಸಿದ ಭಾರಕ್ಕೆ ಕುಸಿಯುತ್ತದೆ. ಬೇಸಿಗೆಯಲ್ಲಿ ಬೆಂಕಿಯ ಭಯ. ಆದುದರಿಂದ ಬಾಡಿಗೆ ಕಡಿಮೆಯೆಂದು ಸೋರುವ ಗಾಲಾವನ್ನು ಹಿಡಿಯಕೂಡದು.

ಎಲ್ಲಕ್ಕಿಂತ ಮುಖ್ಯವಾದದ್ದು ಓಡಾಟದ ಬಂಡವಾಳ. ಲೆಕ್ಕಕ್ಕಾಗಿ ಹೇಳುತ್ತೇವೆ: ತಿಂಗಳಿಗೆ 5 ಲಕ್ಷ ರೂಪಾಯಿಯ ಮಾಲು ಮಾರಿ, ಹಣ 45 ದಿನಕ್ಕೆ ಬಂದರೆ, ಯಾವಾಗಲೂ ಏಳೂವರೆ ಲಕ್ಷ ಗಿರಾಕಿಗಳ ಕೈಯಲ್ಲೇ ಇರುತ್ತದೆ. ಕಾಗದದವನು ಅಷ್ಟು ದಿನ ಕಾಯುತ್ತಾನೆಯೇ? ಸಂಬಳ ಕಾಯುತ್ತದೆಯೇ? ನೋಂದಾಯಿಸಿದ ಸಣ್ಣ ಕಾರ್ಖಾನೆಗೆ 45 ದಿನ ಮೀರದಂತೆ ಹಣ ಸಲ್ಲಬೇಕೆಂದು 2006ರ ಕಾನೂನು ಇದೆ, ನಿಜ. ಆದರೆ ದಿನವೂ ಮುಖ ನೋಡಬೇಕಾದ ಗಿರಾಕಿಯ ಮೇಲೆ ದೂರು ಕೊಡುವುದು ಎಷ್ಟು ಕಷ್ಟವೆಂದು ಉದ್ರಿ ಕೊಟ್ಟು ಗಲ್ಲಾದ ಮೇಲೆ ಕುಳಿತವರೆಲ್ಲರಿಗೂ ಗೊತ್ತು. ಇದ್ದ ಹಣವನ್ನೆಲ್ಲ ಯಂತ್ರಕ್ಕೆ ಸುರಿದರೆ, ಹೊಸ ಯಂತ್ರವೇ ಕೈಕಟ್ಟಿ ಕುಳಿತೀತು.

ಆದುದರಿಂದ ಸಮಿತಿ ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡುತ್ತದೆ.

ಒಂದು: ಹೋಟೆಲಿನಲ್ಲಿರುವ ಪ್ರತಿಯೊಬ್ಬ ಸದಸ್ಯರೂ ತಮ್ಮ ಧಣಿಗಳನ್ನು ಕೇಳಿ, ತಿಂಗಳಿಗೆ ಎಷ್ಟು ಪೆಟ್ಟಿಗೆ, ಯಾವ ಅಳತೆ, ಯಾವ ದರ, ಎಷ್ಟು ದಿನಕ್ಕೆ ಹಣ ಎಂದು ಬರೆದು ತರಬೇಕು. ಬಾಯಿಮಾತು ಬೇಡ. ಆರು ತಿಂಗಳಿಗೆ ಸಾಲುವ ಬೇಡಿಕೆ ಕಾಗದದ ಮೇಲೆ ಬರುವವರೆಗೆ ಯಂತ್ರಕ್ಕೆ ಮುಂಗಡ ಕೊಡುವುದಿಲ್ಲ.

ಎರಡು: ನಮ್ಮವರಲ್ಲಿ ಇಬ್ಬರು ಮೊದಲು ಇಂಥ ಕಾರ್ಖಾನೆಯಲ್ಲಿ ಕೂಲಿಗೆ ನಿಂತು ಕೆಲಸ ಕಲಿಯಬೇಕು, ಒಂದು ಮಳೆಗಾಲವನ್ನಾದರೂ ಕಾಣಬೇಕು.

ಮೂರು: ಸಂಸ್ಥೆ ಸಹಕಾರಿಯಾಗಿರಲಿ. ಪಾಲು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ. ಆದರೆ ಯಾರಿಂದಲೂ ಅವರ ಉಳಿತಾಯದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ನಾವು ಸ್ವೀಕರಿಸುವುದಿಲ್ಲ. ಕೈಮುಗಿದು ಕೊಟ್ಟರೂ ಸ್ವೀಕರಿಸುವುದಿಲ್ಲ.

ನಾಲ್ಕು: ನಮ್ಮಲ್ಲಿ ದುಡಿಯುವವರಿಗೆ ಕಾನೂನಿನ ಸಂಬಳ, ವಾರದ ರಜೆ, ಪ್ರಾವಿಡೆಂಟ್ ಫಂಡು ಮೊದಲ ದಿನದಿಂದಲೇ ಸಲ್ಲಬೇಕು. ಇಷ್ಟನ್ನು ಸೇರಿಸಿದ ಮೇಲೂ ಪೆಟ್ಟಿಗೆಯ ದರ ಗಿಟ್ಟದಿದ್ದರೆ, ಆ ಕಾರ್ಖಾನೆ ನಮಗೆ ಬೇಡ. ರಜೆ ಕೇಳಿ ಬೈಸಿಕೊಂಡವರು ನಾವು. ನಾಳೆ ನಾವೇ ಬೈಯುವವರಾಗಬಾರದು.

ಬಂಧುಗಳೇ, ತಡವಾಯಿತೆಂದು ಯುವಕರು ಬೇಸರಪಡುವುದು ಬೇಡ. 1982ರ ಜನವರಿಯಲ್ಲಿ ಗಿರಣಿ ಮುಷ್ಕರಕ್ಕೆ ಇಳಿದು, ಮತ್ತೆ ಆ ಬಾಗಿಲನ್ನು ಕಾಣದೆ ಊರಿಗೆ ಹೋದವರ ಮಕ್ಕಳು ಈ ಸಭೆಯಲ್ಲಿದ್ದಾರೆ. ಕೆಲಸ ಕಳೆದುಕೊಂಡ ಮನೆಯ ಒಲೆ ಹೇಗಿರುತ್ತದೆಂದು ಅವರು ಬಲ್ಲರು. ಅಂಥ ಇನ್ನೊಂದು ಬಾಗಿಲನ್ನು ನಾವೇ ಕಟ್ಟಿ ನಾವೇ ಮುಚ್ಚುವಂತಾಗಬಾರದು. ಮುಂದಿನ ಸಭೆಗೆ ಬರಿಗೈಯಲ್ಲಿ ಬರಬೇಡಿ. ಹಣ ತರುವುದೂ ಬೇಡ. ಗಿರಾಕಿಯ ಚೀಟಿ ತನ್ನಿ.