ಕುರ್ಚಿಯ ಹಿಂದಿನ ಕಾಡು: ಕಚ್ಚಾವಸ್ತುವಿನ ಮೂಲ ಮತ್ತು ಹೊಣೆ

ನೀಲಗಿರಿಯ ಪಂದಲೂರು ತಾಲ್ಲೂಕಿನಿಂದ ಮನೆಬಳಕೆಯ ಸಾಮಾನುಗಳಿಗೆ ಹೋಗುವ ಮರಮುಟ್ಟು ಒಂದೇ ಬಗೆಯದಲ್ಲ. ಚಹಾ ತೋಟಗಳಲ್ಲಿ ನೆರಳಿಗೆಂದು ಬೆಳೆಸಿದ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಪ್ಲೈವುಡ್ಡಿಗೆ ಹೋಗುತ್ತದೆ. ಹಲಸು, ತೇಗ, ಬೀಟೆಗಳು ಮಂಚ, ಮೇಜು, ಬಾಗಿಲುಗಳಾಗುತ್ತವೆ. ಬಿದಿರು ಬುಟ್ಟಿಯಾಗುತ್ತದೆ. ಕಳೆದ ಎರಡು ದಶಕಗಳಲ್ಲಿ ನೀಲಗಿರಿಯಿಂದ ಮಲೆಮಹದೇಶ್ವರ ಬೆಟ್ಟದವರೆಗಿನ ಕಾಡಂಚಿನಲ್ಲಿ ಇವುಗಳ ಸಾಲಿಗೆ ಸೇರಿಕೊಂಡದ್ದು ಲಂಟಾನ. ಬೇರೆಲ್ಲ ಮರಗಳ ವಿಷಯದಲ್ಲಿ ಎಷ್ಟು ಕಡಿಯಬಹುದು ಎಂಬುದು ಪ್ರಶ್ನೆ. ಲಂಟಾನದ ವಿಷಯದಲ್ಲಿ ಎಷ್ಟು ಕಡಿದರೂ ಸಾಲದು. ಕಚ್ಚಾವಸ್ತುವಿನ ಮೂಲದ ಹೊಣೆ ಎಂದರೇನು ಎಂಬುದನ್ನು ಪರೀಕ್ಷಿಸಲು ಇದಕ್ಕಿಂತ ತಕ್ಕ ಉದಾಹರಣೆ ಈ ಸೀಮೆಯಲ್ಲಿಲ್ಲ.

ಅಮೆರಿಕ ಖಂಡದ ಉಷ್ಣವಲಯಕ್ಕೆ ಸೇರಿದ ಈ ಗಿಡ 19ನೇ ಶತಮಾನದ ಆರಂಭದಲ್ಲಿ ಅಲಂಕಾರ ಸಸ್ಯವಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ಇಂದು ಅದು ಭಾರತದ 1.54 ಲಕ್ಷ ಚದರ ಕಿಲೋಮೀಟರ್ ಕಾಡನ್ನು, ಅಂದರೆ ಹುಲಿಗಳ ನೆಲೆಯ ಶೇ. 40ಕ್ಕೂ ಹೆಚ್ಚು ಭಾಗವನ್ನು ಆವರಿಸಿದೆ. ಅದರ ಎಲೆ ದನಕರುಗಳಿಗೆ ವಿಷ. ಅದರ ಪೊದೆಯಡಿ ಹುಲ್ಲು ಚಿಗುರುವುದಿಲ್ಲ. ಮೇವು ಕಡಿಮೆಯಾದ ಕಾಡಿನಿಂದ ಆನೆಗಳು ತೋಟ, ಗದ್ದೆಗಳತ್ತ ಹೊರಳುವುದಕ್ಕೆ ಇದೂ ಒಂದು ಕಾರಣ. ಮಳೆ ಹೆಚ್ಚಿರುವ ಪಂದಲೂರಿಗಿಂತ ಮುದುಮಲೆ, ಮಸಿನಗುಡಿಯ ಒಣ ಎಲೆಯುದುರುವ ಕಾಡುಗಳಲ್ಲಿ ಅದರ ಹಾವಳಿ ದೊಡ್ಡದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ಹಾವಳಿಗೆ ತಮ್ಮದೇ ಕಾರಣ ಕೊಡುತ್ತಾರೆ. ಬೇಸಿಗೆಯ ಆರಂಭದಲ್ಲಿ ತರಗೆಲೆಗೆ ಇಡುತ್ತಿದ್ದ ಸಣ್ಣ ಬೆಂಕಿ, ಅವರ ಮಾತಿನಲ್ಲಿ ತರಗು ಬೆಂಕಿ, ಲಂಟಾನದ ಎಳೆ ಸಸಿಗಳನ್ನು ಸುಟ್ಟು ಹುಲ್ಲಿಗೆ ದಾರಿ ಮಾಡುತ್ತಿತ್ತು. 1970ರ ದಶಕದಲ್ಲಿ ವನ್ಯಜೀವಿ ಕಾಯ್ದೆ ಹಾಗೂ ಅಭಯಾರಣ್ಯದ ಘೋಷಣೆಯ ನಂತರ ಆ ಬೆಂಕಿ ನಿಂತಿತು, ಪೊದೆ ಬೆಳೆಯಿತು ಎಂಬುದು ಅವರ ವಾದ. ಅಲ್ಲಿ ನಡೆದ ಸಂಶೋಧನೆ ಈ ವಾದವನ್ನು ಗಂಭೀರವಾಗಿಯೇ ತೆಗೆದುಕೊಂಡಿದೆ. ಕಾಡನ್ನು ಬಲ್ಲವರ ತಿಳಿವಳಿಕೆಯನ್ನು ಹೊರಗಿಟ್ಟು ಕಾಡಿನ ವಸ್ತುವಿನ ಬಗ್ಗೆ ಮಾತನಾಡುವುದು ಎಷ್ಟು ಅಪೂರ್ಣ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ.

ಲಂಟಾನವನ್ನು ಕರಕುಶಲಕ್ಕೆ ತಂದ ಪ್ರಯತ್ನಗಳಲ್ಲಿ ಮಲೆಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆ ಸೋಲಿಗರೊಂದಿಗೆ ನಡೆಸಿದ ಕೆಲಸ ಮುಖ್ಯವಾದುದು. ಬಿದಿರು, ಬೆತ್ತ ಸಿಗುವುದು ಕಷ್ಟವಾದಾಗ ಕಳೆಯನ್ನೇ ಅವುಗಳ ಜಾಗಕ್ಕೆ ತರುವುದು ಅದರ ಉದ್ದೇಶ. ಕೆಲಸದ ಕ್ರಮ ಸರಳವಾಗಿ ಕಂಡರೂ ಮೈಮುರಿಯುವಂಥದು. ಮುಳ್ಳಿನ ಪೊದೆಯೊಳಗೆ ನುಗ್ಗಿ ನೇರವಾದ ಕೋಲುಗಳನ್ನು ಆರಿಸಿ ಕಡಿಯಬೇಕು. ನೀರು ತುಂಬಿದ ಉದ್ದನೆಯ ಲೋಹದ ತೊಟ್ಟಿಯಲ್ಲಿ ಅವನ್ನು ಗಂಟೆಗಟ್ಟಲೆ ಬೇಯಿಸಬೇಕು. ಬೆಂದ ಕೋಲಿನ ತೊಗಟೆ ಸಲೀಸಾಗಿ ಸುಲಿದು ಬರುತ್ತದೆ. ಬಿಸಿ ಆರುವ ಮೊದಲೇ ಅದನ್ನು ಬೇಕಾದ ಆಕಾರಕ್ಕೆ ಬಗ್ಗಿಸಿ ಮೊಳೆ ಹೊಡೆಯಬೇಕು. ತಣ್ಣಗಾದ ಕೋಲು ಬಗ್ಗುವುದಿಲ್ಲ, ಸೀಳುತ್ತದೆ. ಕುರ್ಚಿಯ ತೋಳಿನ ಒಂದು ಬಾಗು ನಿಂತಿರುವುದು ಈ ಕೆಲವು ನಿಮಿಷಗಳ ಕೈಚಳಕದ ಮೇಲೆ. ಇಂಥ ಕೌಶಲವನ್ನು ಕೂಲಿ ದರದಲ್ಲಿ ಅಳೆದು ಮುಗಿಸುವುದು ಅನ್ಯಾಯ.

ಪಂದಲೂರಿನ ನೆರೆಯ ಗೂಡಲೂರು ಸೀಮೆಯಲ್ಲಿ ಇದೇ ಕೋಲು ಆನೆಯಾಯಿತು. ಬೆಟ್ಟ ಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಸಮುದಾಯಗಳ ಕುಶಲಕರ್ಮಿಗಳು ಕಬ್ಬಿಣದ ಚೌಕಟ್ಟಿನ ಮೇಲೆ ಲಂಟಾನ ಹೆಣೆದು ನಿಜಗಾತ್ರದ ಆನೆಗಳನ್ನು ಕಟ್ಟಿದರು. ಅವಕ್ಕೆ ಮಾದರಿ ಈ ಭಾಗದ ಜನ ಗುರುತಿಸಬಲ್ಲ ನಿಜವಾದ ಕಾಡಾನೆಗಳು. 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಅದೇ ವರ್ಷ ಅಮೆರಿಕದ ನ್ಯೂಪೋರ್ಟ್ ಮತ್ತು ನ್ಯೂಯಾರ್ಕಿನಲ್ಲಿ ಅವು ನಿಂತವು.

ಇಷ್ಟರಿಂದಲೇ ಲಂಟಾನದ ಸಾಮಾನು ಹೊಣೆಯುಳ್ಳದ್ದಾಯಿತು ಎನ್ನಲಾಗದು. ಕುಶಲಕರ್ಮಿಗೆ ಬೇಕಿರುವುದು ಕೋಲು; ಕಾಡಿಗೆ ಬೇಕಿರುವುದು ಬುಡ ಹೋಗುವುದು. ನೆಲಮಟ್ಟಕ್ಕೆ ಕಡಿದ ಲಂಟಾನ ಮಳೆ ಬಿದ್ದೊಡನೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಬೇರಿನ ಕುತ್ತಿಗೆಯನ್ನು ಮಣ್ಣಿನೊಳಗೇ ಕತ್ತರಿಸಿ, ಗಿಡವನ್ನು ತಲೆಕೆಳಗಾಗಿಟ್ಟು ಒಣಗಿಸಿ, ಹಕ್ಕಿಗಳು ಉದುರಿಸಿದ ಬೀಜದಿಂದ ಏಳುವ ಸಸಿಗಳನ್ನು ಮುಂದಿನ ಮಳೆಗಾಲಗಳಲ್ಲೂ ಕಿತ್ತು, ಆ ಜಾಗದಲ್ಲಿ ನಾಡ ಹುಲ್ಲನ್ನು ಎಬ್ಬಿಸಿದರೆ ಮಾತ್ರ ಕಾಡಿಗೆ ಲಾಭ. ಕೋಲು ಕಡಿದು ಬುಡ ಬಿಟ್ಟುಬರುವ ವ್ಯಾಪಾರ ಕಳೆಯ ಬೇಸಾಯವೇ ಆಗಿಬಿಡುವ ಅಪಾಯವಿದೆ. ಅದರಲ್ಲೂ ಬೇಡಿಕೆ ಹೆಚ್ಚಿದಷ್ಟೂ ಪೊದೆ ಉಳಿಯಲಿ ಎಂಬ ಆಸೆ ಹುಟ್ಟುವುದು ಸಹಜ.

ಉಡುಪಿನ ವಿಷಯದಲ್ಲೂ ಹೆಸರು ಮತ್ತು ಮೂಲದ ನಡುವೆ ಇಂಥದೇ ಅಂತರವಿದೆ. ನೀಲಗಿರಿಯ ತೋಡರ ಕಸೂತಿಗೆ 2013ರಲ್ಲಿ ಭೌಗೋಳಿಕ ಸೂಚಿ ದೊರೆಯಿತು. ಅದು ಕಾಯುವುದು ಸೂಜಿಯ ಕೆಲಸವನ್ನು. ಕಸೂತಿ ಹಾಕುವ ಬಟ್ಟೆ, ಕೆಂಪು-ಕಪ್ಪು ನೂಲು ಮಾರುಕಟ್ಟೆಯಿಂದ ಬರುತ್ತವೆ. ಆ ಬಟ್ಟೆಯ ಹತ್ತಿ ಬೆಳೆದ ಹೊಲದ, ಆ ಬಣ್ಣ ಕದಡಿದ ನೀರಿನ ಬಗ್ಗೆ ಸೂಚಿ ಏನನ್ನೂ ಹೇಳುವುದಿಲ್ಲ. ಮತ್ತೆ ಮರಕ್ಕೆ ಬಂದರೆ, ಬೀಟೆಯ ಮೇಲೆ ಹೊರಗಿನ ಕಣ್ಣು ಬಿಗಿಯಾಗಿದೆ. ಆ ಮರದ ಇಡೀ ಕುಲವನ್ನು 2017ರಲ್ಲಿ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದ ಮೇಲೆ ಅದರ ಸಾಮಾನು ಗಡಿ ದಾಟಲು ದಾಖಲೆ ಬೇಕಾಯಿತು.

ದಾಖಲೆಯ ಮಾತು ಪಂದಲೂರಿನಲ್ಲಿ ಎಲ್ಲಕ್ಕಿಂತ ಕಠಿಣ. ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮವು ಮರ ಬೆಳೆದ ಜಮೀನಿನ ಅಕ್ಷಾಂಶ, ರೇಖಾಂಶವನ್ನೂ ಅದು ಸ್ಥಳೀಯ ಕಾನೂನಿನಂತೆ ಬೆಳೆದದ್ದು ಎಂಬ ಪುರಾವೆಯನ್ನೂ ಕೇಳುತ್ತದೆ. ಜಾರಿಯ ದಿನಾಂಕ ಮುಂದೂಡಲ್ಪಟ್ಟರೂ ದಿಕ್ಕು ಬದಲಾಗಿಲ್ಲ. ಹಿಂದೆ ನಿಲಂಬೂರು ಕೋವಿಲಕದ (ಅರಸುಮನೆತನದ) ಜನ್ಮಂ, ಅಂದರೆ ವಂಶಪಾರಂಪರ್ಯ ಒಡೆತನದ, ಭೂಮಿಯಾಗಿದ್ದ ಗೂಡಲೂರು-ಪಂದಲೂರಿನಲ್ಲಿ 1969ರ ಜನ್ಮಂ ರದ್ದತಿ ಕಾಯ್ದೆಯ ನಂತರವೂ ಸಾವಿರಾರು ಎಕರೆಯ ಹಕ್ಕು ಇತ್ಯರ್ಥವಾಗಿಲ್ಲ. ತಲೆಮಾರುಗಳಿಂದ ಉಳುತ್ತಿರುವವರ ಕೈಯಲ್ಲಿ ಪಟ್ಟಾ ಇಲ್ಲ. ಜಾಗದ ಗುರುತನ್ನು ಉಪಗ್ರಹ ಕೊಟ್ಟೀತು, ಒಡೆತನವನ್ನು ಕೊಡಲಾರದು. ದೊಡ್ಡ ತೋಟ ಕಾಗದಪತ್ರ ಹೊಂದಿಸಿಕೊಳ್ಳುತ್ತದೆ. ಹಲಸಿನ ಮರವೊಂದನ್ನು ಮಾರುವ ಸಣ್ಣ ಹಿಡುವಳಿದಾರ ಹೊರಗುಳಿಯುತ್ತಾನೆ.

ಕಾಡಿನ ಉತ್ಪನ್ನಕ್ಕೆ ಬೇರೆ ದಾರಿಯೊಂದು ಕಾನೂನಿನಲ್ಲೇ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಬೆತ್ತ, ಪೊದೆಕಟ್ಟಿಗೆಗಳನ್ನು ಕಿರು ಅರಣ್ಯೋತ್ಪನ್ನವೆಂದು ಹೆಸರಿಸಿ ಅವುಗಳ ಒಡೆತನವನ್ನು ಕಾಡಿನ ಸಮುದಾಯಗಳಿಗೆ ಕೊಡುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅಂಥ ಹಕ್ಕಿರುವಲ್ಲಿ ಕೋಲು ಎಲ್ಲಿಂದ ಬಂತು, ಬುಡ ಕಿತ್ತರೇ, ಯಾರಿಗೆ ಎಷ್ಟು ಸಂದಿತು ಎಂಬುದನ್ನು ಗ್ರಾಮಸಭೆಯೇ ದೃಢೀಕರಿಸಬಹುದು. ಹಕ್ಕಿಲ್ಲದಲ್ಲಿ ಕುಶಲಕರ್ಮಿ ಅರಣ್ಯ ಇಲಾಖೆಯ ಅನುಮತಿಗೆ ಕಾದು ನಿಲ್ಲುವ ಕೂಲಿಯಾಗಿಯೇ ಉಳಿಯುತ್ತಾನೆ. ಬುಡ ಕೀಳುವ, ಮರುವರ್ಷ ಸಸಿ ಕೀಳುವ, ಹುಲ್ಲು ಎಬ್ಬಿಸುವ ದಿನಗಳ ಕೂಲಿಯನ್ನೂ ಕುರ್ಚಿಯ ಬೆಲೆಯಲ್ಲಿ ಸೇರಿಸಬೇಕಾಗುತ್ತದೆ. ಆ ಮೊತ್ತವನ್ನು ಕೊಳ್ಳುವ ಸಂಸ್ಥೆಯೇ ಖರೀದಿ ಒಪ್ಪಂದದಲ್ಲಿ ಬೇರೆ ಬಾಬತ್ತಾಗಿ ಬರೆದು, ಕೋಲಿನ ಹಣದ ಜೊತೆಗೇ ಗ್ರಾಮಸಭೆಗೆ ಪಾವತಿಸುವುದು ಸರಿಯಾದ ಕ್ರಮ.