ಹಲಗೆಯ ಹೆಸರು, ಹೆಸರಿನ ಹಿಂದಿನ ಮನೆ

(ಸಂಘದ ರಜತ ಮಹೋತ್ಸವದಲ್ಲಿ ಮಾಜಿ ಸೈನಿಕರ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ದಿನದಂದು ಮಾಜಿ ಸೈನಿಕರಾದ ನಮಗೂ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಟಿಕೋಟಾ, ಬಬಲೇಶ್ವರ ಭಾಗದಾಗ ಈಗ ದ್ರಾಕ್ಷಿ ಪಡ ಕಾಣತಾವ. ನಾವು ಟ್ರಂಕ್ ಹೊತ್ತು ಸೈನ್ಯಕ್ಕೆ ಹೋದಾಗ ಮಳಿ ನಂಬಿದ ಬಿಳಿಜೋಳದ ಹೊಲಗಳೇ ಹೆಚ್ಚು.

ಸಂಘದ ಕಟ್ಟಡದಲ್ಲಿ ನಮಗೊಂದು ಕೋಣೆ ಕೊಡುವುದಾಗಿ ಮಂಡಳಿಯವರು ಹೇಳಿದ್ದಾರೆ. ಬಹಳ ಸಂತೋಷ. "ಅದಕ್ಕ ಯಾರ ಹೆಸರು ಇಡೂಣ್ರಿ?" ಅಂತ ಕೇಳಿದರು. ಉತ್ತರ ಕೊಡುವ ಮೊದಲು ಕೊಡಗಿನ ಒಂದು ಮನೆಯ ಸಂಗತಿ ಹೇಳುತ್ತೇವೆ.

ಮಡಿಕೇರಿಯಲ್ಲಿ 'ಸನ್ನಿ ಸೈಡ್' ಎಂಬ ಮನೆ ಇದೆ. ಅದು ಜನರಲ್ ತಿಮ್ಮಯ್ಯನವರ ಮನೆ. 1948ರ ನವೆಂಬರ್‌ನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕು ಏರಿಸಿದವರು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗಲೇ ತೀರಿಕೊಂಡವರು. ಇಷ್ಟೆಲ್ಲ ಪುಸ್ತಕದಾಗ ಸಿಗತದ. ಆದರೆ ಆ ಮನೆಯ ತಾಯಿ ಸೀತಮ್ಮನವರ ಮೂವರು ಗಂಡುಮಕ್ಕಳೂ ಸೈನ್ಯದ ಅಧಿಕಾರಿಗಳು. ಹಿರಿಯ ಪೊನ್ನಪ್ಪ ಆಜಾದ್ ಹಿಂದ್ ಫೌಜ್ ಸೇರಿದರು. ಕಿರಿಯ ಸೋಮಯ್ಯ 1947-48ರ ಕಾಶ್ಮೀರದ ಕಾಳಗದಲ್ಲಿ ನೆಲಬಾಂಬಿಗೆ ಬಲಿಯಾದರು. ಹಲಗೆಯ ಮೇಲೆ ಒಬ್ಬರ ಹೆಸರು, ಅದರ ಹಿಂದೆ ಇಡೀ ಒಂದು ಮನೆ.

ಮುಂದೆ ಆ ಮನೆಯಲ್ಲಿ ಬಹಳ ವರ್ಷ ಆರ್.ಟಿ.ಓ. ಕಚೇರಿ ನಡೆಯಿತು. ಕೊನೆಗೆ 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಜನರಲ್ ಸಾಹೇಬರ ಮನೆಗೇ ಇಷ್ಟು ಕಾಲ ಹಿಡಿಯಿತು. ನಮ್ಮ ಸಿಪಾಯಿ, ಹವಾಲ್ದಾರರ ಮನಿ ಯಾರು ನೆನಿಬೇಕ್ರಿ?

ನಮ್ಮ ಜೊತೆಗಾರನೊಬ್ಬ ತೀರಿಕೊಂಡ. ಸೈನ್ಯದ ದಾಖಲೆಯಲ್ಲಿ ಹೆಂಡತಿಯ ಹೆಸರು ಶಾಂತಾಬಾಯಿ, ಆಧಾರ್ ಕಾರ್ಡಿನಲ್ಲಿ ಶಾಂತವ್ವ. ಅಷ್ಟಕ್ಕೇ ಆ ತಂಗಿ ಕುಟುಂಬ ಪಿಂಚಣಿಗಾಗಿ ತಿಂಗಳುಗಟ್ಟಲೆ ವಿಜಯಪುರಕ್ಕೆ ಬಸ್ಸು ಹತ್ತಿ ಇಳಿದಳು. ಗಂಡ ಬದುಕಿದ್ದಾಗಲೇ ಒಂದು ಅರ್ಜಿ ಬರೆದಿದ್ದರೆ ತಿದ್ದುಪಡಿ ಆಗುತ್ತಿತ್ತು. ತಪ್ಪು ನಮ್ಮದೂ ಹೌದು. ಅವನ ಕೂಡ ಚಹಾ ಕುಡಿದೆವು, ಕಾಗದ ನೋಡಲಿಲ್ಲ.

ಆದ್ದರಿಂದ ನಮ್ಮ ಬಿನ್ನಹ ಇಷ್ಟೇ. ಕೋಣೆಯಲ್ಲಿ ಮೊದಲು ಒಂದು ರಿಜಿಸ್ಟರ್ ಇಡೋಣ. ನಮ್ಮ ಭಾಗದ ಪ್ರತಿಯೊಬ್ಬ ಸೈನಿಕನ ಹೆಸರು, ಅವರ ತಾಯಿ, ಹೆಂಡತಿ, ಮಕ್ಕಳ ಹೆಸರು ಅದರಲ್ಲಿ ಬರಲಿ. ತಿಂಗಳಿಗೊಂದು ಭಾನುವಾರ ನಾವು ಕೂಡುತ್ತೇವೆ. ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ, ಬ್ಯಾಂಕಿನ ಪಾಸ್‌ಬುಕ್ಕು ತಗೊಂಡು ಬರ್ರಿ, ಹೆಸರು ತಾಳೆ ನೋಡೋಣ. ಸಂಘದ ಷೇರಿಗೆ ವಾರಸುದಾರರ ಹೆಸರು ಬರೆಸಿಲ್ಲದವರು, ಸೈನಿಕರಿರಲಿ ರೈತರಿರಲಿ, ಅದನ್ನೂ ಬರೆಸಿರಿ. ನವೆಂಬರ್ ಬಂತೆಂದರೆ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡಬೇಕು, ನಡೆಯಲಾಗದವರ ಮನೆಗೆ ನಾವೇ ಬರುತ್ತೇವೆ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಹೆಗಲು ಕೊಡಲೆಂದೇ. ರಿಜಿಸ್ಟರ್ ತುಂಬಲಿ, ಆಮೇಲೆ ಹಲಗೆಗೆ ಹೆಸರು ತಾನಾಗಿಯೇ ಸಿಗುತ್ತದೆ. ಅಂದು ಆ ಹಲಗೆಯ ಪರದೆಯನ್ನು ಆ ಮನೆಯ ತಾಯಿಯೇ ಸರಿಸಲಿ.

ಜೈ ಜವಾನ್, ಜೈ ಕಿಸಾನ್.