ಎರಡು ಪಕ್ಷಗಳ ಧಾತು

ಶಿವಮೊಗ್ಗೆಯ ರಾಗಿಗುಡ್ಡದ ಹೆಸರಿನಲ್ಲೇ ಧಾನ್ಯವಿದೆ. ಧಾನ್ಯದಲ್ಲಿ ಅದು ಬೆಳೆದ ಮಣ್ಣಿನ ಗುಣವಿದೆ. ಮಣ್ಣಿನಿಂದ ನಮ್ಮ ಅನ್ನಕ್ಕೆ ಬರುವ ಸೆಲೆನಿಯಮ್ ಎಂಬ ಧಾತುವನ್ನು ಕುರಿತು ಇಂದು ಕೆಲವು ಮಾತುಗಳನ್ನಾಡಬಯಸುತ್ತೇನೆ.

1817ರಲ್ಲಿ ಇದನ್ನು ಕಂಡುಹಿಡಿದ ಸ್ವೀಡನ್ನಿನ ಬರ್ಜೀಲಿಯಸ್ ಗ್ರೀಕರ ಚಂದ್ರದೇವತೆಯ ಹೆಸರನ್ನೇ ಇಟ್ಟನು. ಚಂದ್ರನಂತೆ ಇದಕ್ಕೂ ಎರಡು ಪಕ್ಷ. ಚೀನದ ಕೆಶಾನ್ ಸೀಮೆಯ ಹೃದ್ರೋಗಕ್ಕೆ ಇದರ ಕೊರತೆ ಒಂದು ಮುಖ್ಯ ಕಾರಣ. ಪಂಜಾಬಿನ ಕೆಲವು ಹಳ್ಳಿಗಳಲ್ಲಿ ಇದರ ಆಧಿಕ್ಯದಿಂದ ದನಗಳ ಗೊರಸು ಕೆಟ್ಟಿತು. ವಯಸ್ಕರಿಗೆ ದಿನಕ್ಕೆ 55 ಮೈಕ್ರೋಗ್ರಾಂ ಸಾಕು, 400 ಮೀರಬಾರದು ಎಂದು 2000ದಲ್ಲಿ ಅಮೆರಿಕದ ತಜ್ಞರು ಗೊತ್ತುಪಡಿಸಿದರು.

ಆದರೆ ಒಟ್ಟು ಪ್ರಮಾಣ ತಿಳಿದರೆ ಸಾಲದು. ಧಾನ್ಯದಲ್ಲಿ ಇದು ಬಹುಪಾಲು ಸೆಲೆನೊಮೆಥಿಯೊನೀನ್. ನೀರಿನಲ್ಲಿ ಸೆಲೆನೇಟ್, ಸೆಲೆನೈಟ್. ದೇಹವು ಒಂದೊಂದನ್ನು ಒಂದೊಂದು ಬಗೆಯಲ್ಲಿ ಸ್ವೀಕರಿಸುತ್ತದೆ. ಇವನ್ನು ಬೇರ್ಪಡಿಸಲು ಈಗ ಗಾಜಿನ ಪುಟ್ಟ ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಕಿರಿದಾದ ಕಾಲುವೆ ಕೊರೆದು ವಿದ್ಯುತ್ತನ್ನು ಹಾಯಿಸುತ್ತಾರೆ. ವಿದ್ಯುದಂಶಕ್ಕೂ ಗಾತ್ರಕ್ಕೂ ತಕ್ಕ ವೇಗದಲ್ಲಿ ಚಲಿಸುವ ಸಂಯುಕ್ತಗಳು ಕೆಲವೇ ನಿಮಿಷಗಳಲ್ಲಿ ಅಗಲುತ್ತವೆ.

ಅದಕ್ಕೆ ಮೊದಲು ಧಾನ್ಯವನ್ನು ಕಿಣ್ವಗಳಿಂದ ಮೆಲ್ಲನೆ ಕರಗಿಸಬೇಕು. ಉಗ್ರವಾದ ಆಮ್ಲ ಸುರಿದರೆ ಮೂಲರೂಪವೇ ಅಳಿಯುತ್ತದೆ. ಬಿಲ್ಲೆಯ ವೇಗಕ್ಕೆ ಈ ತಾಳ್ಮೆಯೇ ಆಧಾರ. ಅನ್ನದಲ್ಲಿ ಎಷ್ಟಿದೆ ಎಂದು ಕೇಳುವವರು, ಯಾವ ರೂಪದಲ್ಲಿದೆ ಎಂದೂ ಕೇಳುವುದನ್ನು ಕಲಿತಾಗ ಪೋಷಣೆಗೂ ವಿಷಕ್ಕೂ ನಡುವಿನ ಗೆರೆ ಸ್ಪಷ್ಟವಾಗುತ್ತದೆ.